ಎಡಗಾಲಿನ ಅತ್ತೆ

ಈ ಊರಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಮುಕ್ಕಾಲು ಪಾಲು ಮಂದಿ ಟೀಚರ್ ಹತ್ತಿರ ಬೈಸಿಕೊಂಡು ಕಲಿತವರು. ಅವಳಿಗೊಂದು ಹೆಸರಿದೆ ಎಂಬುದು ಅವಳ ಲೈಸೆನ್ಸಿಗೆ ಮಾತ್ರ ಗೊತ್ತು. ಶಾಲೆಯಲ್ಲಿ ಲೆಕ್ಕ, ವಿಜ್ಞಾನ ಹೇಳಿಕೊಡುವವರು ಬೇಕಾದರೆ ಲೆಕ್ಕದ ಟೀಚರ್, ವಿಜ್ಞಾನದ ಟೀಚರ್ ಅಂತ ಕರೆಸಿಕೊಳ್ಳಲಿ. ಬರೀ ಟೀಚರ್ ಅಂದರೆ, ಕಪ್ಪು ಕನ್ನಡಕ ಹಾಕಿಕೊಂಡು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಮುಂದಿನ ರಸ್ತೆಯನ್ನು ಸಾಲಗಾರನ ಮುಖದ ಹಾಗೆ ದುರುಗುಟ್ಟಿ ನೋಡುವ ಈ ಐವತ್ತರ ಹೆಂಗಸೇ.

ಅವಳು ಡ್ರೈವಿಂಗ್ ಕಲಿತದ್ದು ಹಿಟ್ಟಿನ ದೆಸೆಯಿಂದ. ಅತ್ತೆಯ ಹಿಟ್ಟಿನ ಗಿರಣಿಯಲ್ಲಿ ಮೂಟೆ ಸಾಗಿಸಲು ಒಂದು ಹಳೆಯ ವ್ಯಾನ್ ಇತ್ತು. ಒಂದು ದಿನ ಅದರ ಡ್ರೈವರ್ ಹೇಳದೆ ಕೇಳದೆ ಕೆಲಸ ಬಿಟ್ಟುಹೋದ. ಮೂಟೆಗಳು ಕಾಯುತ್ತಿದ್ದವು, ಗಿರಾಕಿಗಳು ಗೊಣಗುತ್ತಿದ್ದರು, ಮನೆಗೆ ಬಂದು ವರ್ಷವೂ ತುಂಬದ ಸೊಸೆ ವ್ಯಾನ್ ಹತ್ತಿ ಕೂತಳು. ಕಾಂಪೌಂಡ್ ಗೋಡೆಗೆ ಎರಡು ಸಲ ಗುದ್ದಿದ ಮೇಲೆ ಗೇಟು ಯಾವ ಕಡೆ ಇದೆ ಎಂಬುದು ಗಾಡಿಗೂ ಅವಳಿಗೂ ಗೊತ್ತಾಯಿತು. ಕೆಲವು ವರ್ಷ ಹಾಗೆ ನಡೆಯಿತು. ಆಮೇಲೆ ಅಂಗಡಿಗಳಿಗೆ ಪ್ಯಾಕೆಟ್ ಹಿಟ್ಟು ಬಂತು. ಗಿರಣಿಗೆ ಬೀಗ ಬಿತ್ತು, ವ್ಯಾನ್ ಗುಜರಿಗೆ ಹೋಯಿತು, ಸೊಸೆ ಡ್ರೈವಿಂಗ್ ಸ್ಕೂಲಿಗೆ ಹೋದಳು.

ಅವಳ ಅತ್ತೆಯನ್ನು ಊರೆಲ್ಲ ಗಿರಣಿಯಮ್ಮ ಅಂತ ಕರೆಯುತ್ತಿತ್ತು. ಗಿರಣಿ ಹೋಗಿ ಅಷ್ಟು ವರ್ಷವಾದರೂ ಹಾಗೇ ಕರೆಯುತ್ತದೆ. ನಾವೂ ಹಾಗೇ ಕರೆಯೋಣ. ಯಾಕೆಂದರೆ ಈ ಕಥೆಯಲ್ಲಿ ಇನ್ನೊಬ್ಬ ಅತ್ತೆ ಇದ್ದಾಳೆ, ಇಬ್ಬರೂ ಬೆರೆತುಹೋದರೆ ಆಮೇಲೆ ಬೇರ್ಪಡಿಸುವುದು ಕಷ್ಟ.

ಆ ಇನ್ನೊಬ್ಬ ಅತ್ತೆ ಹುಟ್ಟಿದ್ದು ಟೀಚರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಮನೆಯ ವ್ಯಾನ್ ಓಡಿಸಿದ್ದು ಒಂದು ಮಾತು, ಊರವರಿಗೆಲ್ಲ ಕಲಿಸಲು ಹೊರಟದ್ದು ಇನ್ನೊಂದು ಮಾತು ಎಂದು ಗಿರಣಿಯಮ್ಮ ಮುಖ ಗಂಟಿಕ್ಕಿಕೊಂಡಿದ್ದ ಕಾಲ ಅದು. ಒಂದು ಬೆಳಿಗ್ಗೆ ಪಕ್ಕದ ಮನೆಯವರ ಎದುರಿಗೇ, ನಮ್ಮ ಸೊಸೆ ಊರಿಗೆಲ್ಲ ದಾರಿ ತೋರಿಸ್ತಾಳೆ, ಮನೆಗೆ ಬರೋ ದಾರಿ ಮಾತ್ರ ಹೊತ್ತು ಮುಳುಗಿದ ಮೇಲೆ ನೆನಪಾಗುತ್ತೆ ಅಂದುಬಿಟ್ಟರು. ಟೀಚರ್ ಆ ಸಿಟ್ಟನ್ನು ಹೊತ್ತುಕೊಂಡೇ ಸ್ಕೂಲಿಗೆ ಬಂದಳು. ಅವತ್ತು ಕಲಿಯಲು ಬಂದಿದ್ದವಳು ಒಬ್ಬ ನರ್ಸ್. ಎಂಥವರಿಗೂ ಅಳುಕದೆ ಸೂಜಿ ಚುಚ್ಚುವ ಆ ಹೆಂಗಸು ಮೂರು ಪೆಡಲ್ ನೋಡಿ ಬೆವರುತ್ತಿದ್ದಳು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಎಷ್ಟು ಹೇಳಿದರೂ ಕಾಲಿಗೆ ಇಳಿಯುತ್ತಿರಲಿಲ್ಲ. ಟೀಚರ್‌ಗೆ ತಲೆ ಕೆಟ್ಟಿತು.

"ನೋಡಮ್ಮ," ಅಂದಳು, "ಎಡಗಡೆ ಇರೋಳು ಅತ್ತೆ. ಏನು ಬದಲಾಯಿಸಬೇಕಿದ್ರೂ ಮೊದಲು ಅವಳನ್ನ ಒತ್ತಿ ಹಿಡೀಬೇಕು. ಬಿಡುವಾಗ ಸ್ವಲ್ಪ ಸ್ವಲ್ಪ ಬಿಡು. ಒಂದೇ ಸಲ ಬಿಟ್ಟೆಯೋ, ಮನೆಯೆಲ್ಲ ಅಲ್ಲಾಡಿ ನಿಂತುಹೋಗುತ್ತೆ. ನಡುವೆ ಇರೋಳು ಅಮ್ಮ, ಕಷ್ಟ ಬಂದಾಗ ಅವಳೇ ಗತಿ. ಬಲಗಡೆಯವನು ಮೈದುನ. ಸ್ವಲ್ಪ ಸಲುಗೆ ಕೊಟ್ಟರೂ ಹಾರಾಡ್ತಾನೆ."

ನರ್ಸ್ ಬಿದ್ದು ಬಿದ್ದು ನಕ್ಕಳು. ನಗುತ್ತಾ ನಗುತ್ತಾ ಕಾಲಿನ ನಡುಕ ನಿಂತಿತು. ಅವತ್ತೇ ಅವಳು ಗಾಡಿಯನ್ನು ಜರ್ಕ್ ಇಲ್ಲದೆ ಮುಂದೆ ಬಿಟ್ಟಳು.

ಅಲ್ಲಿಂದ ಮುಂದೆ ಕಲಿಯಲು ಬಂದವರಿಗೆಲ್ಲ ಅದೇ ಪಾಠ. ಚಡಾವಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿದು ನಿಲ್ಲಿಸುವ ಹಾಫ್ ಕ್ಲಚ್‌ಗೆ ಅರ್ಧ ಅತ್ತೆ ಎಂದು ಹೆಸರಾಯಿತು. ಸುಮ್ಮಸುಮ್ಮನೆ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಿಗೆ, ಅತ್ತೆ ಮೇಲಿಂದ ಕಾಲು ತೆಗಿ, ಸವೆದುಹೋಗ್ತಾಳೆ ಎಂಬ ಬೈಗುಳ. ಇದೆಲ್ಲಕ್ಕಿಂತ ಹೆಚ್ಚಾಗಿ, ಅವಳ ಕಸುಬಿನ ಗುಟ್ಟೊಂದು ಆ ಹೆಸರಿನಲ್ಲಿತ್ತು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಎದುರಿಗೆ ಯಾರಾದರೂ ಅಡ್ಡ ಬಂದರೆ ಅವಳು ಬ್ರೇಕ್ ಹಾಕು ಎಂದು ಕಿರುಚುತ್ತಿರಲಿಲ್ಲ. ಕಿರುಚಿದರೆ ಹೆದರಿದವರು ಗಾಡಿಯನ್ನು ಗಕ್ಕನೆ ನಿಲ್ಲಿಸಿ ಹಿಂದಿನವರಿಂದ ಗುದ್ದಿಸಿಕೊಳ್ಳುತ್ತಾರೆ. ಅವಳು "ಅತ್ತೆ" ಅಂದರೆ ಸಾಕು, ಕಲಿಯುವವರ ಎಡಗಾಲು ತಾನಾಗಿ ಕೆಳಗಿಳಿಯುತ್ತಿತ್ತು. ಇಂಜಿನ್ನಿನ ಹಿಡಿತ ತಪ್ಪಿದ ಗಾಡಿಯನ್ನು ಟೀಚರ್ ತನ್ನ ಕಡೆಯ ಬ್ರೇಕಿನಲ್ಲಿ ಮೆತ್ತಗೆ ನಿಲ್ಲಿಸುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಆ ಒಂದು ಮಾತು ಎಷ್ಟು ಬಂಪರ್ ಉಳಿಸಿತೋ ಲೆಕ್ಕವಿಲ್ಲ.

ಊರಿಗೆಲ್ಲ ಈ ಹೆಸರು ಗೊತ್ತು. ಗೊತ್ತಿಲ್ಲದವರು ಒಬ್ಬರೇ, ಗಿರಣಿಯಮ್ಮ. ಅವರಿಗೆ ಪೆಟ್ರೋಲ್ ವಾಸನೆ ಅಂದರೆ ಹೊಟ್ಟೆ ತೊಳಸುತ್ತಿತ್ತು. ತಮ್ಮ ಗಿರಣಿಯ ವ್ಯಾನನ್ನೇ ಅವರು ಒಂದು ದಿನವೂ ಹತ್ತಿದವರಲ್ಲ, ಇನ್ನು ಸ್ಕೂಲಿನ ಕಾರಿನ ಮಾತೆಲ್ಲಿ ಬಂತು?

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಗಾದೆ ಮಾಡಿದವರಿಗೆ ಮೂರನೆಯ ಕಾಲವೊಂದಿದೆ ಎಂಬುದು ಹೊಳೆದಿರಲಿಲ್ಲವೇನೋ. ಇಬ್ಬರಿಗೂ ವಯಸ್ಸಾಗಿ, ಜಗಳಕ್ಕೆ ಕಾರಣಗಳೆಲ್ಲ ಹಳಸಿ, ಒಬ್ಬರ ಮಾತು ಇನ್ನೊಬ್ಬರಿಗೆ ಬೇಕಾಗುವ ಕಾಲ ಅದು. ಟೀಚರ್‌ನ ಗಂಡ ಅಚ್ಚುಕೂಟದಲ್ಲಿ ಕೆಲಸ ಮಾಡುವವನು. ಕೆಟ್ಟವನಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಕೋಪ ಇಲ್ಲದಾಗ ಮಾತೂ ಇಲ್ಲ. ಹೀಗಾಗಿ ಸಂಜೆ ಮನೆಗೆ ಬಂದ ಟೀಚರ್‌ಗೆ ದಿನದ ಕಥೆ ಹೇಳಿಕೊಳ್ಳಲು ಇದ್ದವರು ಗಿರಣಿಯಮ್ಮ ಒಬ್ಬರೇ. ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಅವರು ಕೇಳುತ್ತಿದ್ದರು, ನಡುನಡುವೆ ಒಂದು ಕೊಂಕು ಸೇರಿಸುತ್ತಿದ್ದರು. ಆ ಹೊತ್ತಿಗಾಗಿ ಟೀಚರ್ ದಿನವಿಡೀ ಕಥೆ ಕೂಡಿಟ್ಟುಕೊಳ್ಳುತ್ತಿದ್ದಳು. ಅತ್ತೆ ಎಂಬ ಕ್ಲಚ್ಚಿನ ಕಥೆಯೊಂದನ್ನು ಬಿಟ್ಟು.

ಹೋದ ವರ್ಷದ ಕೊನೆಗೆ ಸ್ಕೂಲಿನ ಮಾಲೀಕ ಹಳೆಯ ಕಾರುಗಳನ್ನು ಮಾರಿ ಎಲೆಕ್ಟ್ರಿಕ್ ಕಾರು ತಂದ. ಪೇಂಟ್ ಅಂಗಡಿಯ ಮೇಲಿದ್ದ ಸ್ಕೂಲಿನ ಕೋಣೆಯ ಗೋಡೆಯಿಂದ ಇಂಜಿನ್ನಿನ ಚಾರ್ಟ್ ಇಳಿದು ಬೀರುವಿನ ಹಿಂದೆ ಸುರುಳಿಯಾಗಿ ಕೂತಿತು. ಹೊಸ ಚಾರ್ಟಿನಲ್ಲಿ ಬ್ಯಾಟರಿ, ಮೋಟರ್, ಇನ್ನೂ ಏನೇನೋ. ಟೀಚರ್ ಬಾಯಿಯಲ್ಲಿದ್ದ ಮಾತುಗಳು ಒಂದೊಂದಾಗಿ ಕೆಲಸ ಕಳೆದುಕೊಂಡವು. ಸ್ಟಾರ್ಟ್ ಮಾಡು ಅನ್ನುವ ಹಾಗಿಲ್ಲ. ಬಟನ್ ಒತ್ತಿದರೆ ರೆಡಿ ಅಂತ ಒಂದು ದೀಪ ಹೊತ್ತಿಕೊಳ್ಳುತ್ತದೆ, ಸದ್ದೇ ಇಲ್ಲ. ಸೆಕೆಂಡಿಗೆ ಬಾ, ಥರ್ಡಿಗೆ ಹೋಗು ಇಲ್ಲ. ಪೆಟ್ರೋಲ್ ಎಷ್ಟಿದೆ ಎಂದು ಕೇಳುವ ಜಾಗದಲ್ಲಿ ಎಷ್ಟು ಪರ್ಸೆಂಟ್ ಇದೆ ಎಂದು ಕೇಳಬೇಕು, ಫೋನಿನ ಬಗ್ಗೆ ಕೇಳಿದ ಹಾಗೆ. ಮೈಲೇಜ್ ಹೋಗಿ ರೇಂಜ್ ಬಂತು. ಎಡಗಡೆಯ ಪೆಡಲ್ ಅಂತೂ ಇಲ್ಲವೇ ಇಲ್ಲ. ಅಮ್ಮ ಇದ್ದಾಳೆ, ಮೈದುನ ಇದ್ದಾನೆ, ಅತ್ತೆಯ ಜಾಗದಲ್ಲಿ ಬರೀ ಮ್ಯಾಟ್.

ಇದರ ಜೊತೆಗೆ ಹೊಸ ಸೊಲ್ಲೊಂದು ಬಂತು: ರೀಜನರೇಟಿವ್ ಬ್ರೇಕಿಂಗ್. ಮೈದುನನ ಮೇಲಿಂದ ಕಾಲು ಎತ್ತಿದರೆ ಗಾಡಿ ತಾನೇ ನಿಧಾನವಾಗುತ್ತದೆ, ಹಾಗೆ ನಿಧಾನವಾಗುವಾಗ ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ಒಳ್ಳೆಯ ವಿದ್ಯೆಯೇ. ಆದರೆ ಆ ಹೆಸರನ್ನು ಬಾಯಿತುಂಬ ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಇಳಿಜಾರು ಇಳಿದು ಆಗಿರುತ್ತಿತ್ತು. ಕಲಿಯುವವರು ಹಿಂದಿನಿಂದ ಯಾರೋ ಹಿಡಿದು ಎಳೆದಂತೆ ಬೆಚ್ಚುತ್ತಿದ್ದರು. ಏನಿದು ಟೀಚರ್ ಎಂದರೆ, ಅದೇ ಅದು, ಏನೂ ಆಗಲ್ಲ ಎನ್ನುವುದೇ ಅವಳ ಪಾಠವಾಯಿತು. ಹೊಸಬರು ಬೇಗ ಕಲಿಯುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಟೀಚರ್‌ಗೆ ಬೇಸರ ಎನ್ನುವುದಕ್ಕಿಂತ ಬಾಯಿ ಬರಿದಾದ ಹಾಗಿತ್ತು.

ಪೆಟ್ರೋಲ್ ವಾಸನೆ ಇಲ್ಲದ ಕಾರು ಎಂದು ಕೇಳಿದ್ದೇ ಗಿರಣಿಯಮ್ಮನಿಗೆ ಹುರುಪು ಬಂತು. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಪಾಠದ ದಾರಿಯಲ್ಲೇ ಆ ಕ್ಲಿನಿಕ್ ಇರುವುದರಿಂದ, ಹಿಂದಿನ ಸೀಟಲ್ಲಿ ಕೂತು ಬರ್ತೀನಿ ಎಂದರು. ಟೀಚರ್‌ಗೆ ದಿಗಿಲಾಯಿತು. ಅವತ್ತು ಕಲಿಯಲು ಬರುವವಳು ಟೈಲರ್. ಹಿಂದೆ ಇವಳ ಹತ್ತಿರವೇ ಅತ್ತೆ, ಅಮ್ಮ, ಮೈದುನ ಎಂದು ಕಲಿತು ಲೈಸೆನ್ಸ್ ತೆಗೆದುಕೊಂಡು ಹೋದವಳು, ಈಗ ಮನೆಗೆ ಹೊಸ ಕಾರು ಬಂದಿದೆ ಎಂದು ಕೈ ಪಳಗಿಸಿಕೊಳ್ಳಲು ಮತ್ತೆ ಬರುತ್ತಿದ್ದಳು. ಮುದುಕಿಯ ಎದುರಿಗೆ ಆ ಹೆಸರು ಬಂದರೆ? ಈ ವಯಸ್ಸಿನಲ್ಲಿ ಅವರಿಗೆ ಎಂಥ ನೋವು. ಸಂಜೆಯ ಆ ಅಡುಗೆಮನೆಯ ಮಾತು ನಿಂತುಹೋದರೆ ತನಗೆ ಇನ್ನಾರು? ಟೀಚರ್ ತುಟಿ ಬಿಗಿದುಕೊಂಡೇ ಕಾರು ಹತ್ತಿದಳು. ಟೈಲರ್‌ಗೂ ಮೊದಲೇ ಒಂದು ಮಾತು ಹೇಳಿಟ್ಟಿದ್ದರೆ ಆಗುತ್ತಿತ್ತು. ಅದೊಂದು ಬುದ್ಧಿ ಓಡಲಿಲ್ಲ.

ಶುರುವಿನಲ್ಲಿ ಎಲ್ಲ ಸಲೀಸಾಗಿತ್ತು. ತನ್ನ ಮನೆಯ ಕಾರು ಪೆಟ್ರೋಲಿನಲ್ಲೂ ಓಡುತ್ತದೆ, ಕರೆಂಟಿನಲ್ಲೂ ಓಡುತ್ತದೆ, ಅದಕ್ಕೆ ಹೈಬ್ರಿಡ್ ಅಂತಾರೆ ಎಂದು ಟೈಲರ್ ಹೇಳಿದಾಗ, ಹೈಬ್ರಿಡ್ ಅಂದರೆ ಟೊಮೆಟೊ ಅಲ್ಲವೇನೇ ಎಂದು ಗಿರಣಿಯಮ್ಮ ಹಿಂದಿನಿಂದ ಕೇಳಿದರು. ನೋಡೋಕೆ ದಪ್ಪ, ಸಾರಿಗೆ ಹಾಕಿದರೆ ರುಚಿಯಿಲ್ಲ. ಟೈಲರ್ ನಕ್ಕಳು, ಟೀಚರ್ ಕೂಡ ಸ್ವಲ್ಪ ಸಡಿಲವಾದಳು. ಸಡಿಲವಾದದ್ದೇ ತಪ್ಪಾಯಿತು.

ದೊಡ್ಡ ಸರ್ಕಲ್ಲಿನಲ್ಲಿ ಗಾಡಿಗಳು ತೆವಳುತ್ತಿದ್ದವು. ಎಡಗಡೆಯಿಂದ ಒಬ್ಬ ಸೈಕಲ್ಲಿನವನು ಹಿಂದೆ ಮುಂದೆ ನೋಡದೆ ನುಗ್ಗಿದ. ಟೀಚರ್ ಬಾಯಿಂದ ಇಪ್ಪತ್ತು ವರ್ಷದ ಅಭ್ಯಾಸ ಹೊರಬಿತ್ತು.

"ಅತ್ತೆ!"

ಟೈಲರ್‌ನ ಎಡಗಾಲು ಎಲ್ಲ ಪಾಠವನ್ನೂ ಅಚ್ಚುಕಟ್ಟಾಗಿ ನೆನಪಿಟ್ಟುಕೊಂಡಿತ್ತು. ಕ್ಲಚ್ಚನ್ನು ತುಳಿಯುವ ಹಾಗೆ ಪೂರ್ತಿ ಬಲ ಹಾಕಿ ತುಳಿಯಿತು. ಅತ್ತೆಯ ಜಾಗದಲ್ಲಿ ಅತ್ತೆಯಿಲ್ಲ. ಆ ಪಾದಕ್ಕೆ ಸಿಕ್ಕಿದ್ದು ಅಗಲವಾದ ಬ್ರೇಕಿನ ಅಂಚು. ಅದೇ ಕ್ಷಣಕ್ಕೆ ಟೀಚರ್ ಕೂಡ ತನ್ನ ಕಡೆಯ ಬ್ರೇಕ್ ಒತ್ತಿದ್ದಳು. ಕಾರು ನೆಟ್ಟ ಕಂಬದ ಹಾಗೆ ನಿಂತಿತು. ಹಿಂದಿನ ಗಾಡಿ ಕಿರ್ರೆಂದು ಗೇಣುದೂರದಲ್ಲಿ ನಿಂತು ಹಾರ್ನ್ ಬಾರಿಸಿತು. ಸೈಕಲ್ಲಿನವನು ಏನೂ ಆಗದವನ ಹಾಗೆ ಹೊರಟುಹೋದ. ಗಿರಣಿಯಮ್ಮನ ಕನ್ನಡಕ ಮುಂದಕ್ಕೆ ಹಾರಿ, ಗೇರಿದ್ದ ಜಾಗಕ್ಕೆ ಬಡಿದು, ಒಂದು ಕಡ್ಡಿ ಮುರಿದುಕೊಂಡು ಬಿತ್ತು.

"ಏನಮ್ಮಾ," ಅಂದರು ಅವರು, ಸೀಟ್ ಬೆಲ್ಟಿನೊಳಗಿಂದ, "ಇಲ್ಲೇ ಇದೀನಲ್ಲ, ಯಾಕೆ ಹಾಗೆ ಕೂಗ್ತೀಯ?"

ಅಲ್ಲಿಗೆ ಬಿಟ್ಟಿದ್ದರೆ ಬಚಾವಾಗಬಹುದಿತ್ತು. ಆದರೆ ಹೆದರಿದ ಬಾಯಿಗೆ ಬೀಗವಿಲ್ಲ. ನಿಮ್ಮನ್ನಲ್ಲ ಕರೆದದ್ದು ಅಜ್ಜಿ, ಕ್ಲಚ್ಚನ್ನ ಎಂದು ಶುರುಮಾಡಿದ ಟೈಲರ್, ಅತ್ತೆಯನ್ನು ಒತ್ತುವುದರಿಂದ ಹಿಡಿದು ಅತ್ತೆ ಸವೆಯುವವರೆಗೆ ಎಲ್ಲವನ್ನೂ ನಗುನಗುತ್ತಾ ಹೇಳಿದಳು. ಊರಲ್ಲಿ ಎಲ್ಲರೂ ಹಾಗೇ ಅಂತಾರೆ, ನನ್ನ ತಂಗಿಗೂ ಹಾಗೇ ಹೇಳಿಕೊಟ್ಟರು ಎಂದಳು. ಟೀಚರ್ ಹಿಂದಕ್ಕೆ ತಿರುಗಿ ನೋಡಲಿಲ್ಲ. ಮುರಿದ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಗಿರಣಿಯಮ್ಮ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಕ್ಲಿನಿಕ್ಕಿನಲ್ಲಿ ಕಣ್ಣು ತೋರಿಸಿ, ಹೊಸ ಕನ್ನಡಕಕ್ಕೆ ಹೇಳಿ, ಮನೆ ಸೇರಿದ ಕೂಡಲೇ ಅವರು ನೇರ ತಮ್ಮ ಕೋಣೆಗೆ ಹೋದರು.

ಆ ಸಂಜೆ ಅಡುಗೆಮನೆಯ ಕಟ್ಟೆಗೆ ಯಾರೂ ಒರಗಲಿಲ್ಲ. ಟೀಚರ್ ಕಾಫಿ ಮಾಡಿ ಕೊಟ್ಟಳು. ಅದು ಕೋಣೆಯಲ್ಲಿ ಮಂಚದ ಪಕ್ಕ ಕೆನೆಗಟ್ಟಿತು. ಗಂಡ ಕೆಲಸದಿಂದ ಬಂದವನು ಮೇಜಿನ ಮೇಲಿದ್ದ ಮುರಿದ ಕನ್ನಡಕ ನೋಡಿ, ಏನಾಯಿತು ಎಂದು ಕೇಳಿ, ಉತ್ತರಕ್ಕೆ ಕಾಯದೆ ದನಿ ಏರಿಸಿದ. ಕಲಿಸುವವಳೇ ಹೀಗಾದರೆ ಕಲಿಯುವವರ ಗತಿಯೇನು, ವಯಸ್ಸಾದವರನ್ನು ಕೂರಿಸಿಕೊಂಡು ಇದೆಂಥ ಸರ್ಕಸ್ಸು ಎಂದು ಅಡುಗೆಮನೆಯತ್ತ ಬಂದ. ಟೀಚರ್ ಸಿಂಕಿನ ಮುಂದೆ ನಿಂತವಳು ನಿಂತೇ ಇದ್ದಳು.

ಕೋಣೆಯಿಂದ ಗಿರಣಿಯಮ್ಮ ಬಾಗಿಲಿಗೆ ಬಂದರು. ಅವನಿಗೂ ಅವಳಿಗೂ ನಡುವೆ, ಸರಿಯಾಗಿ ಹೊಸ್ತಿಲ ಮೇಲೆ.

"ನಾನೇ ಬೀಳಿಸಿಕೊಂಡೆ ಕಣೋ," ಅಂದರು. "ಕೈಕಾಲು ತೊಳ್ಕೋ ಹೋಗು. ಆ ನಿಮ್ಮ ಅಚ್ಚುಕೂಟದ ಹೊಸ ಮಿಷಿನ್ ಬಂತಾ, ಇಲ್ವಾ?"

ಮಿಷಿನ್ ಬಂದಿರಲಿಲ್ಲ. ಅವನ ಕೋಪ ಮಿಷಿನ್ ಕಳಿಸದವರ ಕಡೆ ತಿರುಗಿತು, ಅವರನ್ನು ಬೈಯುತ್ತಲೇ ಬಚ್ಚಲಿಗೆ ಹೋಯಿತು, ಬರುವಾಗ ಅರ್ಧ ಆರಿತ್ತು. ಗಿರಣಿಯಮ್ಮ ಸೊಸೆಯ ಮುಖ ನೋಡದೆ ಮತ್ತೆ ಕೋಣೆಗೆ ಹೋದರು.

ಟೀಚರ್ ಕೈಯಲ್ಲಿ ಲೋಟ ಹಿಡಿದುಕೊಂಡೇ ನಿಂತಿದ್ದಳು. ಇದು ಇವತ್ತಿನದಲ್ಲ. ಮದುವೆಯಾದ ಲಾಗಾಯ್ತಿನಿಂದ ಆ ಹೊಸ್ತಿಲ ಮೇಲೆ ಈ ಹೆಂಗಸು ಹೀಗೆ ಬಂದು ನಿಂತಿದ್ದಾರೆ. ಗಂಡ ಹೆಂಡತಿ ನಡುವೆ ಮೂಗು ತೂರಿಸುತ್ತಾರೆ ಎಂದು ಅವಳು ಹಲ್ಲು ಕಡಿದಿದ್ದಾಳೆ. ಮೂಗು ತೂರಿಸಿದ್ದು ನಿಜ. ಗಂಡನ ಕೋಪದ ಬಿಸಿ ಮೊದಲು ತಾಗಿದ್ದೂ ಆ ಮೂಗಿಗೇ. ಅವಳ ತನಕ ಬರುವಷ್ಟರಲ್ಲಿ ಅದು ಯಾವಾಗಲೂ ಉಗುರುಬೆಚ್ಚಗಾಗಿರುತ್ತಿತ್ತು. ಇಷ್ಟು ವರ್ಷ ಇದನ್ನು ನೋಡದೆ ಹೋದೆನಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಸ್ಕೂಲಿನ ಮೇಜಿನ ಮೇಲೆ, ಕಾಗದ ಹಾರದಿರಲೆಂದು ಇಟ್ಟ ಒಂದು ಹಳೆಯ ಕ್ಲಚ್ ಪ್ಲೇಟ್ ಇತ್ತು. ಹಿಂದಿನ ಕಾರಿನಲ್ಲಿ ಸವೆದುಹೋಯಿತೆಂದು ತೆಗೆಸಿದ್ದು. ಮಾರನೆಯ ದಿನ ಟೀಚರ್ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು. ಗಂಡ ಇನ್ನೂ ಬಂದಿರಲಿಲ್ಲ. ಗಿರಣಿಯಮ್ಮನ ಕೋಣೆಯಲ್ಲಿ ಮಂಚದ ಮೇಲೆ ಬಿಚ್ಚಿಟ್ಟಳು. ಊಟದ ತಟ್ಟೆಯಷ್ಟು ಅಗಲ, ನಡುವೆ ನಾಲ್ಕು ಸ್ಪ್ರಿಂಗ್.

"ಇದೇನಾ ನಾನು?" ಅಂದರು ಗಿರಣಿಯಮ್ಮ.

"ಇದೇ."

"ಏನು ಮಾಡುತ್ತೆ ಇದು?"

"ಇಂಜಿನ್ ತನ್ನ ಪಾಡಿಗೆ ತಾನು ಬುಸುಗುಟ್ಟಿಕೊಂಡು ತಿರುಗ್ತಾ ಇರುತ್ತೆ ಅತ್ತೆ. ಚಕ್ರ ನಿಂತಿರುತ್ತೆ. ಎರಡನ್ನೂ ನೇರ ಜೋಡಿಸಿದ್ರೆ ಎರಡಕ್ಕೂ ಪೆಟ್ಟು. ಇದು ಮಧ್ಯೆ ನಿಂತು, ಸ್ವಲ್ಪ ಜಾರಿ, ಸ್ವಲ್ಪ ಹಿಡಿದು, ಇಬ್ಬರನ್ನೂ ಒಟ್ಟಿಗೆ ನಡೆಸುತ್ತೆ."

"ನಮ್ಮ ಗಿರಣಿ ಬೆಲ್ಟಿನ ಹಾಗೆ."

"ಹೂಂ, ಹಾಗೇ."

ಗಿರಣಿಯಮ್ಮ ಹೆಬ್ಬೆರಳಿನಿಂದ ಪ್ಲೇಟಿನ ಅಂಚನ್ನು ಸವರಿದರು. ಹಿಟ್ಟಿನ ನುಣುಪು ನೋಡುತ್ತಿದ್ದ ಬೆರಳು ಅದು. ಪೂರ್ತಿ ಸವೆದಿದೆಯಲ್ಲೇ ಅಂದರು.

"ಗಾಡೀಲಿ ಮೊದಲು ಸವೆಯೋದು ಇದೇ ಅತ್ತೆ," ಅಂದಳು ಟೀಚರ್. "ಕೋಪದಲ್ಲಿ ಇಟ್ಟ ಹೆಸರು ಅದು, ಸುಳ್ಳು ಹೇಳಲ್ಲ. ಅವತ್ತು ನಿಮ್ಮ ಮೇಲೆ ಸಿಟ್ಟಿತ್ತು. ಸಿಟ್ಟು ಯಾವತ್ತೋ ಹೋಯ್ತು, ಹೆಸರು ಹಾಗೇ ಉಳೀತು. ನಿನ್ನೆ ನೀವು ಬಾಗಿಲಲ್ಲಿ ಬಂದು ನಿಂತ್ರಲ್ಲ, ಆಗ ಗೊತ್ತಾಯ್ತು, ಹೆಸರು ಸರಿಯಾಗೇ ಇಟ್ಟಿದ್ದೆ ಅಂತ."

ಗಿರಣಿಯಮ್ಮ ಪ್ಲೇಟನ್ನು ತಿರುವಿ ನೋಡಿದರು. ಒತ್ತಿಸಿಕೊಂಡದ್ದಕ್ಕೆ ತಮಗೆ ಬೇಜಾರಿಲ್ಲ ಎಂದರು. ಊರಿಗೆಲ್ಲ ಗೊತ್ತಿದ್ದದ್ದು ತಮಗೊಬ್ಬರಿಗೇ ಗೊತ್ತಿರಲಿಲ್ಲವಲ್ಲ, ಅದು ಚುಚ್ಚಿತು ಎಂದರು. ದಿನಾ ಸಂಜೆ ಇಷ್ಟೆಲ್ಲ ಹೇಳ್ತೀಯ, ಇದನ್ನೇ ಬಚ್ಚಿಟ್ಟೆಯಲ್ಲ. ಟೀಚರ್ ತಲೆ ತಗ್ಗಿಸಿದಳು. ಅವರು ಮಾತು ಬದಲಿಸುವವರಂತೆ, ಹೊಸ ಗಾಡಿ ಇಳಿಜಾರಿನಲ್ಲಿ ಯಾಕೆ ಹಿಂದೆ ಹಿಡಿದ ಹಾಗೆ ಆಗುತ್ತದೆ ಎಂದು ಕೇಳಿದರು. ಟೀಚರ್ ಆ ಉದ್ದದ ಹೆಸರನ್ನು ಬಿಟ್ಟು, ನಿಧಾನವಾಗುವುದು, ಕರೆಂಟು ಉಳಿದು ಬ್ಯಾಟರಿಗೆ ಸೇರುವುದು, ಎಲ್ಲ ವಿವರಿಸಿದಳು.

"ಮತ್ತೆ ಈ ಪ್ಲೇಟು?"

"ಅದರಲ್ಲಿ ಇಲ್ಲ ಅತ್ತೆ. ಮೋಟರ್ ನೇರ ಚಕ್ರಕ್ಕೇ. ಮಧ್ಯೆ ಯಾರೂ ಬೇಡ."

"ಒಳ್ಳೇದಾಯ್ತು ಬಿಡು, ಸವೆಯೋದು ತಪ್ಪಿತು," ಅಂದರು ಗಿರಣಿಯಮ್ಮ. ಆಮೇಲೆ, "ಹಾಗಾದ್ರೆ ಇನ್ನು ನಾನಿಲ್ಲ ಅನ್ನು," ಅಂದರು.

ಹಗುರವಾಗೇ ಅಂದರು. ಗಿರಣಿಗೆ ಬೀಗ ಹಾಕಿದ ದಿನವೂ ಅವರು ಹೀಗೇ ಹಗುರವಾಗಿ ಮಾತಾಡಿ, ಆಮೇಲೆ ಎರಡು ದಿನ ಊಟ ಬಿಟ್ಟಿದ್ದರು. ಟೀಚರ್‌ಗೆ ಅದು ಮರೆತಿರಲಿಲ್ಲ. ಪ್ಲೇಟನ್ನು ವಾಪಸು ಸುತ್ತಲು ಹೋದರೆ, ಇರಲಿ ಬಿಡು ಇಲ್ಲೇ ಎಂದು ಅವರು ಅದನ್ನು ಕಿಟಕಿಯ ಮೇಲಿಟ್ಟರು.

ಹೊಸ ಕನ್ನಡಕ ತಯಾರಾಗಿದೆ ಎಂದು ಫೋನ್ ಬಂದದ್ದು ಮುಂದಿನ ವಾರ. ಗಿರಣಿಯಮ್ಮ ಮತ್ತೆ ಹಿಂದಿನ ಸೀಟು ಹತ್ತಿದರು. ಮುಂದೆ ಅದೇ ಟೈಲರ್, ಎಡಗಾಲನ್ನು ಸೀಟಿನಡಿಗೆ ಮಡಿಸಿಟ್ಟುಕೊಂಡು, ತಪ್ಪು ಮಾಡಿದ ಮಗುವಿನ ಹಾಗೆ ಕೂತಿದ್ದಳು. ಕನ್ನಡಕ ಹಾಕಿಸಿಕೊಂಡು ಬರುವಾಗ ನೀರಿನ ಟ್ಯಾಂಕಿನ ಇಳಿಜಾರು ಸಿಕ್ಕಿತು. ಕೆಳಗೆ ಜನ, ಅಂಗಡಿ, ರಸ್ತೆ ದಾಟುವವರು. ಟೈಲರ್ ಕಾಲು ಎತ್ತಿದಳು. ಗಾಡಿ ಬಿಗಿಹಿಡಿಯಿತು. ಅವಳು ಬೆಚ್ಚಿ, ಮತ್ತೆ ಹಿಂದೆ ಎಳೀತಾ ಇದೆ ಟೀಚರ್, ಏನು ಒತ್ತಲಿ ಎಂದಳು.

ಟೀಚರ್ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದಳು. ಹೊಸ ಕನ್ನಡಕದ ಹಿಂದಿನ ಆ ಕಣ್ಣುಗಳು ಇವಳನ್ನೇ ನೋಡುತ್ತಿದ್ದವು.

"ಏನೂ ಒತ್ತಬೇಡ," ಅಂದಳು ಟೀಚರ್. "ಕಾಲು ಎತ್ತಿ ಸುಮ್ಮನಿರು. ಅತ್ತೆ ನೋಡ್ಕೋತಾರೆ."

ಟೈಲರ್ ಒಮ್ಮೆ ತಿರುಗಿ ಟೀಚರ್ ಮುಖ ನೋಡಿ, ಆಮೇಲೆ ಅರ್ಥವಾಗಿ, ಕಾಲನ್ನು ಹಾಗೇ ಎತ್ತಿ ಹಿಡಿದಳು. ಗಾಡಿ ಯಾರನ್ನೂ ಕುಲುಕಿಸದೆ, ತನ್ನಷ್ಟಕ್ಕೆ ತಾನು ನಿಧಾನವಾಗುತ್ತಾ ಇಳಿಜಾರು ಇಳಿಯಿತು. ಮುಂದಿನ ಪರದೆಯ ಮೇಲೆ, ಬ್ಯಾಟರಿಗೆ ಮರಳುವ ಕರೆಂಟನ್ನು ತೋರಿಸುವ ಹಸಿರು ಗೆರೆಯೊಂದು ಮೇಲೇರುತ್ತಿತ್ತು. ಗಿರಣಿಯಮ್ಮ ಎರಡು ಸೀಟುಗಳ ನಡುವೆ ತಲೆ ತೂರಿಸಿ ಅದನ್ನೇ ನೋಡಿದರು.

"ಸ್ವಲ್ಪ ನೋಡಿ ಹೇಳೇ," ಅಂದರು. "ಎಷ್ಟು ಉಳಿಸಿದೆ ನಾನು?"